‘ಹೋಗ್ತೀನಿ’ ಅನ್ನಬಾರದ ಮನೆ

ಇಂಗ್ಲಿಷಿನಲ್ಲಿ ‘ಗೋ’ ಅಂತ ಒಂದು ಮಾತಿದೆಯಂತೆ. ಹಾಲು ಕೆಟ್ಟರೂ ಗೋ, ದೀಪ ಆರಿದರೂ ಗೋ, ಮನುಷ್ಯನಿಗೆ ಹುಚ್ಚು ಹಿಡಿದರೂ ಗೋ. ಇದರಲ್ಲೇನು ದೊಡ್ಡ ವಿಷಯ? ನಮ್ಮಲ್ಲೂ ಹಾಲು ಕೆಟ್ಟು ಹೋಗುತ್ತದೆ, ದೀಪ ಆರಿ ಹೋಗುತ್ತದೆ. ಆದರೆ ಫ್ರೆಂಚರಿಗೆ ಅಷ್ಟು ಸಾಲದು. ಹಾಲಿಗೊಂದು ಮಾತು, ದೀಪಕ್ಕೊಂದು, ಹುಚ್ಚಿಗೊಂದು. ನನ್ನ ಮಗಳು ಸರೋಜ ಅವನ್ನೆಲ್ಲ ಒಲೆಯ ಮುಂದೆ ಕೂತು ಬಾಯಿಪಾಠ ಮಾಡುತ್ತಿದ್ದಳು. ರೊಟ್ಟಿ ಸೀದು ಹೋದದ್ದಕ್ಕೆ ಫ್ರೆಂಚಿನಲ್ಲಿ ಏನೆನ್ನುತ್ತಾರೋ, ನಾನು ಕನ್ನಡದಲ್ಲೇ ಬೈದೆ.

ಕಲಿಸುತ್ತಿದ್ದವರು ಮಾದಾಪುರದ ತೋಟದ ಬಂಗಲೆಯ ಮೇಡಂ. ಗಂಡ ಇಂಗ್ಲಿಷ್ ದೊರೆ, ಆಕೆ ಫ್ರಾನ್ಸಿನವರು. ದೊರೆ ತೀರಿಕೊಂಡ ಮೇಲೂ ಇಲ್ಲೇ ಉಳಿದರು. ನಾನು ಹಾಲು ಕೊಡಲು ಹೋಗುವಾಗ ಜೊತೆಗೆ ಬರುತ್ತಿದ್ದ ಹುಡುಗಿಯನ್ನು ಹತ್ತಿರ ಕೂರಿಸಿಕೊಂಡು ಇಂಗ್ಲಿಷಿನ ಜೊತೆಗೆ ತಮ್ಮ ಭಾಷೆಯನ್ನೂ ಕಲಿಸಿಬಿಟ್ಟರು. ಆಗ ಪಾಂಡಿಚೇರಿ ಇನ್ನೂ ಫ್ರೆಂಚರ ಕೈಯಲ್ಲಿತ್ತು. ಅಲ್ಲಿನ ಆಸ್ಪತ್ರೆಯೊಂದಕ್ಕೆ, ಹೊರಗಿನಿಂದ ಬರುವ ರೋಗಿಗಳ ಇಂಗ್ಲಿಷನ್ನು ಫ್ರೆಂಚಿಗೆ ತಿರುಗಿಸಿ ಹೇಳುವವರು ಬೇಕಿತ್ತು. ಬಂಗಲೆಗೆ ನೆಂಟರಾಗಿ ಬಂದ ಅಲ್ಲಿಯ ಡಾಕ್ಟರು ಸರೋಜಳನ್ನು ಪರೀಕ್ಷೆ ಮಾಡುತ್ತೇನೆಂದರು. ಅವಳಿಗೆ ಆ ಕೆಲಸ ಸಿಕ್ಕರೆ ಸಾಕಾಗಿತ್ತು. ನನಗೆ, ಅವಳಿಗದು ಸಿಗದಿದ್ದರೆ ಸಾಕಾಗಿತ್ತು. ಇರುವವಳು ಒಬ್ಬಳೇ.

ನಮ್ಮ ಕಡೆ ಹೊಸಿಲು ದಾಟುವವರು ‘ಹೋಗ್ತೀನಿ’ ಅನ್ನುವುದಿಲ್ಲ, ‘ಬರ್ತೀನಿ’ ಅನ್ನುತ್ತಾರೆ. ಸರೋಜಳ ಅಪ್ಪ ಒಂದು ಬೆಳಿಗ್ಗೆ, ಸೋಮವಾರಪೇಟೆ ಸಂತೆಯ ಲಾರಿ ಹೊರಟಿತೆಂಬ ಅವಸರದಲ್ಲಿ, ‘ಹೋಯ್ತೀನಿ ಕಣೇ’ ಎಂದು ಓಡಿದರು. ಲಾರಿ ಮಗುಚಿತು, ಮನೆಗೆ ಹೆಣ ಬಂತು. ಆ ಮಾತಿನಿಂದಲೇ ಹಾಗಾಯಿತೆಂದು ನಾನು ಹೇಳುವುದಿಲ್ಲ. ಆದರೆ ಅಂದಿನಿಂದ ನಮ್ಮ ಮನೆಯಲ್ಲಿ ಯಾರೂ ಅದನ್ನು ಆಡಿಲ್ಲ. ನೆಂಟರು ಮರೆತು ಹಾಗಂದರೆ ವಾಪಸು ಕರೆದು, ಕೂರಿಸಿ, ನೀರು ಕುಡಿಸಿ, ಸರಿಯಾಗಿ ಹೇಳಿಸಿಯೇ ಕಳಿಸುತ್ತೇನೆ.

ಪರೀಕ್ಷೆಯ ದಿನ ಬಂಗಲೆಯ ಜಗಲಿಯಲ್ಲಿ ನಾನೂ ಕೂತೆ. ಡಾಕ್ಟರು ಕೊಟ್ಟ ಇಂಗ್ಲಿಷ್ ಮಾತುಗಳನ್ನೆಲ್ಲ ಸರೋಜ ನೀರು ಕುಡಿದ ಹಾಗೆ ಫ್ರೆಂಚಿಗೆ ತಿರುಗಿಸಿದಳು. ಕೊನೆಯದು ಎಲ್ಲಕ್ಕಿಂತ ಸಣ್ಣದು, ‘ಐ ಆಮ್ ಗೋಯಿಂಗ್.’ ಹುಡುಗಿ ನನ್ನ ಕಡೆ ನೋಡಿ ಏನೋ ಅಂದಳು. ಡಾಕ್ಟರು ಅಲ್ಲವೆಂದು ತಲೆಯಾಡಿಸಿ ಮತ್ತೆ ಕೇಳಿದರು. ಮತ್ತೆ ಅದನ್ನೇ ಅಂದಳು.

ಮೇಡಂ ನನ್ನತ್ತ ಬಗ್ಗಿ, ತಮ್ಮ ಅಡುಗೆಮನೆ ಕನ್ನಡದಲ್ಲಿ, “ಸುಮಿತ್ರಮ್ಮ, ಇವಳು ಬರ್ತೀನಿ ಹೇಳ್ತಾಳೆ. ಡಾಕ್ಟರ್‌ಗೆ ಹೋಗ್ತೀನಿ ಬೇಕು. ಇವಳಿಗೆ ಗೊತ್ತು. ನೀನು ಇಲ್ಲಿ ಇದ್ದೀ, ಅದಕ್ಕೆ ಹೇಳೋದಿಲ್ಲ” ಎಂದರು.

ನಾನು ಸುಮ್ಮನಿದ್ದರೆ ಸಾಕಿತ್ತು, ಮಗಳು ಮನೆಯಲ್ಲೇ ಉಳಿಯುತ್ತಿದ್ದಳು. ಆದರೆ ಅವಳ ಮುಖ ನೋಡಿದೆ. ಕಣ್ಣು ತುಂಬಿತ್ತು, ತುಟಿ ಬಿಗಿದಿತ್ತು. ಕೈಗೆ ಬಂದ ಕೆಲಸವನ್ನು ನನಗಾಗಿ ಕಳಕೊಳ್ಳಲು ಕೂತಿದ್ದಳು, ಕತ್ತೆ. ಸಿಟ್ಟು ಬಂತು. ಅದಕ್ಕಿಂತ ಹೆಚ್ಚು ಮುದ್ದು ಬಂತು.

“ಹೇಳವ್ವ,” ಅಂದೆ. “ಇದು ನಮ್ಮನೆ ಹೊಸಿಲಲ್ಲ. ಹೋಯ್ತೀನಿ ಅನ್ನು.”

“ಬ್ಯಾಡ ಕಣವ್ವ.”

“ನಾನೇ ಹೇಳ್ತಿವ್ನಿ. ಅನ್ನು.”

ಅವಳು ಫ್ರೆಂಚಿನಲ್ಲಿ ಅಂದಳು. ಚಿಟಿಕೆಯಷ್ಟು ಮಾತು. ಡಾಕ್ಟರು ನಕ್ಕು, ಕೆಲಸ ನಿನ್ನದೇ ಎಂದು ಅವಳ ಕೈ ಕುಲುಕಿದರು.

ನಾನು ಎದ್ದು ಮಗಳ ರಟ್ಟೆ ಹಿಡಿದೆ. ಅಲ್ಲೇ ಮೆಟ್ಟಿಲ ಮೇಲೆ ಕೂರಿಸಿ, ಮೇಡಂ ಕೈಯಿಂದ ಒಂದು ಲೋಟ ನೀರು ಈಸಿಕೊಂಡು, ಪೂರ್ತಿ ಕುಡಿಸಿದೆ.

“ಈಗ ಸರಿಯಾಗಿ ಹೇಳು,” ಅಂದೆ.

“ಬತ್ತೀನಿ ಕಣವ್ವ,” ಅಂದಳು ಸರೋಜ.