ಒಂದೇ ಸಮೀಕರಣ

ಹತ್ತನೇ ತರಗತಿಗೆ ಗಣಿತ ಹೇಳುತ್ತಿದ್ದಾಗ ಸೂರ್ಯಕಾಂತ ಮಾಸ್ತರರಿಗೆ ಫೋನು ಬಂತು. ಹಲಗೆಯ ಮೇಲೆ ಕುರಿ, ಕೋಳಿಗಳ ಲೆಕ್ಕ. "ಬರೀ ತಲಿ ಎಣಿಸಿದ್ರ ಏನೂ ತಿಳಿಯಂಗಿಲ್ಲ, ಕಾಲೂ ಎಣಿಸಬೇಕು. ಗೊತ್ತಿಲ್ಲದ್ದು ಎರಡಿದ್ರ ಸಮೀಕರಣ ಎರಡು ಬೇಕೇ ಬೇಕು," ಎಂದು ಆಗಷ್ಟೇ ಗದರಿದ್ದರು.

ಫೋನಿನಲ್ಲಿ ನೆರೆಮನೆಯ ಗುರುಲಿಂಗ. "ಸರ್, ಜಹೀರಾಬಾದ್ ಹೈವೇ ಮ್ಯಾಲ ಲಾರಿ ಬಡದದ. ನಿಮ್ಮ ಮಕ್ಕಳು ಇಬ್ಬರೂ ಗಾಡಿ ಮ್ಯಾಲಿದ್ರು. ಒಬ್ಬಾತ ಹೋಗ್ಯಾನ್ರಿ. ಒಬ್ಬಾತ ದವಾಖಾನ್ಯಾಗ ಹಾನ, ಜೀವಕ್ಕೇನಿಲ್ಲ ಅಂತಾರ. ಲಗೂ ಬರ್ರಿ."

ಹೋದವನು ಯಾರೆಂದು ಗುರುಲಿಂಗ ಹೇಳಲಿಲ್ಲ; ಹೇಳಲು ಅವನಿಗೆ ಧೈರ್ಯ ಸಾಲಲಿಲ್ಲವೋ ಏನೋ. ಮಾಸ್ತರರೂ ಕೇಳಲಿಲ್ಲ.

ಶಾಲೆಯಿದ್ದ ನ್ಯಾಲ್ಕಲ್‌ನಿಂದ ಹೊರಟ ಜೀಪಿನಲ್ಲಿ ಮೂಲೆ ಹಿಡಿದು ಕುಳಿತರು. ಅಳು ಬರಲಿಲ್ಲ. ಪಕ್ಕದ ಹೆಂಗಸು ಪೇರಲ ಹಣ್ಣು ಕೊಟ್ಟಳು. ತಿಂದೂಬಿಟ್ಟರು. ಹಾಳು ತಲೆ ಮಾತ್ರ ತನ್ನ ಕೆಲಸ ಬಿಡಬೇಕಲ್ಲ! ದೊಡ್ಡವನು ಧನರಾಜ, ಅವನು ಎಕ್ಸ್. ಚಿಕ್ಕವನು ಪ್ರವೀಣಕುಮಾರ, ಅವನು ವೈ. ಇದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. ಎಕ್ಸ್ ಕೂಡಿಸು ವೈ, ಒಂದು. ಇನ್ನೊಂದು ಸಮೀಕರಣ ಗುರುಲಿಂಗನ ಹತ್ತಿರವಿತ್ತು, ಒಂದು ಫೋನು ಮಾಡಿದರೆ ಸಾಕಿತ್ತು. ಮಾಡಲಿಲ್ಲ. ಕೇಳದಿರುವ ತನಕ ಇಬ್ಬರೂ ಇದ್ದಂತೆಯೇ ಅಲ್ಲವೇ?

ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಮನಸ್ಸು ಅನ್ನುವುದು ಎಂಥ ದರಿದ್ರದ್ದು ನೋಡಿ! ಧನರಾಜ ತಾಯಿ ಸತ್ತಾಗಿನಿಂದ ಅಡುಗೆ ಮಾಡಿ ಬಡಿಸುವವನು, ಒಂದು ದಿನವೂ ಎದುರಾಡಿದವನಲ್ಲ. ಪ್ರವೀಣ ಓದು ಬಿಟ್ಟವನು, ಸಿಕ್ಕಸಿಕ್ಕವರ ಜೊತೆ ಜಗಳ ಕಾಯುವವನು. ಅಪ್ಪನ ಜೊತೆ ಮಾತು ಬಿಟ್ಟು ತಿಂಗಳುಗಳೇ ಆಗಿದ್ದವು. ಜೀಪು ಜಹೀರಾಬಾದ್ ಹೊಕ್ಕಾಗ ಮಾಸ್ತರರ ತುಟಿ ಅಲುಗುತ್ತಿತ್ತು. ಶಿವನೇ, ಧನರಾಜ ಇರಲಿ. ಧನರಾಜ ಇರಲಿ.

ದವಾಖಾನೆಯ ಬಾಗಿಲಲ್ಲಿ ಗುರುಲಿಂಗ ಕೈ ಹಿಡಿದು ಒಳಗೆ ಕರೆದೊಯ್ದ. ಮಂಚದ ಮೇಲೆ, ತಲೆಗೆ ಪಟ್ಟಿ ಸುತ್ತಿಕೊಂಡು ಪ್ರವೀಣ ಮಲಗಿದ್ದ.

ಮುಖ ಬದಲಿಸಿಕೊಳ್ಳುವಷ್ಟು ಹೊತ್ತು ಮಾಸ್ತರರಿಗೆ ಸಿಗಲಿಲ್ಲ. ಹುಡುಗ ಆ ಮುಖವನ್ನೇ ನೋಡುತ್ತಿದ್ದ.

"ಇರ್ಲಿ ಬಿಡು ಅಪ್ಪಾ," ಅಂದ. "ನಾನೂ ಅದನ್ನೇ ಬೇಡಕೊಂಡೀನಿ. ಅಣ್ಣ ಇರ್ಲಿ, ನಾ ಹೋಗ್ತೀನಿ ಅಂತ."

ಹಾಗನ್ನಬೇಡವೋ ಎನ್ನಬೇಕಿತ್ತು, ಎದೆಗೆ ಅವಚಿಕೊಳ್ಳಬೇಕಿತ್ತು. ಮಾಸ್ತರರು ಮಂಚದ ಅಂಚಿಗೆ ಕುಳಿತರು.

"ನೀರು ಕುಡೀತಿ ಏನು?" ಎಂದು ಕೇಳಿದರು.

ಹುಡುಗ ಹೂಂ ಎಂದ.