ಕೈಗೆ ಕಟ್ಟಿದ ಚಾಡಿಕೋರ

ಕಳ್ಳಕವಟಗಿಯಲ್ಲಿ ನರ್ಸ್ ಹಸೀನಾ ಎಂದೂ ತಾನು ಹೋಗಬೇಕಾದ ಮನೆಯ ಮುಂದೆ ಸ್ಕೂಟರ್ ನಿಲ್ಲಿಸಿದವಳಲ್ಲ. ಹಿಟ್ಟಿನ ಗಿರಣಿಯ ಹತ್ತಿರ ಬಿಟ್ಟು, ಎರಡು ಮನೆ ಹೊಕ್ಕು ಕೂಸುಗಳ ತೂಕ ಕೇಳಿ, ಆಮೇಲೆ ಹಿತ್ತಲ ಬಾಗಿಲಿನಿಂದ ಸಪ್ನಾಳ ಮನೆಗೆ. ಎರಡು ಹೆಣ್ಣು ಹೆತ್ತು ಮೈಯಲ್ಲಿ ರಕ್ತವೇ ಉಳಿಯದ ಸಪ್ನಾ ಮೂರು ತಿಂಗಳಿಗೊಮ್ಮೆ ಗರ್ಭ ನಿಲ್ಲದ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದಳು. ಮೊಮ್ಮಗನಿಗಾಗಿ ಹಟ ಹಿಡಿದ ಅತ್ತೆ ಗುರುಸಿದ್ದವ್ವ ಬಬಲೇಶ್ವರದ ಮಗಳ ಮನೆಗೆ ಹೋದ ದಿನವೇ ಅದಕ್ಕೆ ಮುಹೂರ್ತ. ವರ್ಷವಾದರೂ ನರಪಿಳ್ಳೆಗೆ ಸುಳಿವಿರಲಿಲ್ಲ.

ಗೊತ್ತಿದ್ದದ್ದು ಹಸೀನಾಳ ಕೈಗಡಿಯಾರಕ್ಕೆ ಮಾತ್ರ. ಗಂಡ ಯಾಕೂಬ ಅದನ್ನು ವಿಜಯಪುರದಿಂದ ತಂದು ಕಟ್ಟುವಾಗ ಹೆಜ್ಜೆ ಎಣಿಸುತ್ತದೆ ಎಂದಷ್ಟೇ ಹೇಳಿದ್ದ.

ಒಂದು ಸಂಜೆ ಹಸೀನಾ ತಿಕೋಟಾದ ತನ್ನ ಮನೆಗೆ ಬಂದರೆ, ಮುಂದಿನ ಕೋಣೆಯಲ್ಲಿದ್ದ ಯಾಕೂಬನ ಹೊಲಿಗೆ ಅಂಗಡಿಯಲ್ಲಿ ಗುರುಸಿದ್ದವ್ವ ಕುಬಸ ಒಯ್ಯಲು ಬಂದು ಕೂತಿದ್ದಳು. ಯಾಕೂಬ ಮೊಬೈಲ್ ಹಿಡಿದು ಬೀಗುತ್ತಿದ್ದ.

"ನರ್ಸ್ ಬಾಯಾರು ನಮ್ಮ ಓಣಿಗೆ ಬರೂದಿಲ್ಲ ಅಂತೀರಲ್ಲ ಯವ್ವಾ, ನೋಡ್ರಿ. ಗಿರಣಿ, ಅಲ್ಲಿಂದ ನೀರಿನ ಟಾಕಿ, ಅದರ ಮಗ್ಗಲ ಮನ್ಯಾಗ ಇಪ್ಪತ್ತು ನಿಮಿಷ. ಆಕಿ ಕೈಗಡಿಯಾರ ವರ್ಷದ್ದೆಲ್ಲಾ ಇದರಾಗ ತೋರಸತೈತಿ."

"ಅದು ನಮ್ಮ ಮನಿ," ಎಂದಳು ಗುರುಸಿದ್ದವ್ವ. "ಯಾಕ ಬಂದಿದ್ರಿ ಬಾಯಾರ?"

"ತಲಿ ತಿರಗಿತ್ತು ಯವ್ವಾ. ನೀರು ಕುಡ್ಯಾಕ ಬಂದಿದ್ದೆ," ಎಂದಳು ಹಸೀನಾ.

"ಹಿಂದಿಂದೂ ತೋರಸೋ ಯಪ್ಪಾ."

ಯಾಕೂಬ ಪುಣ್ಯಾತ್ಮ, ತಾರೀಖಿನ ಸಮೇತ ಓದಿ ಹೇಳಿದ.

"ಮೂರ ತಿಂಗಳಿಗೊಮ್ಮೆ, ಅದೂ ನಾ ಇಲ್ಲದಾಗ ತಲಿ ತಿರಗತೈತೇನ್ರಿ?" ಗುರುಸಿದ್ದವ್ವ ಕುಬಸ ಅಲ್ಲೇ ಬಿಟ್ಟು ಎದ್ದು ಹೋದಳು.

"ದಿನಾ ನೋಡ್ತಿದ್ರೇನು ನೀವು ಇದನ್ನ?" ಹಸೀನಾ ಕೇಳಿದಳು.

"ದಿನಾ. ಕಾಳಜಿಗೆ ನೋಡ್ತೀನಿ. ಅದರಾಗ ತಪ್ಪೇನೈತಿ?"

ಹಸೀನಾ ತನ್ನ ಮಣಿಕಟ್ಟು ನೋಡಿಕೊಂಡಳು. ವರ್ಷವಿಡೀ ಬೆನ್ನಿಗೆ ಕಣ್ಣು ಅಂಟಿಸಿಕೊಂಡು ತಿರುಗಿದ್ದೆನಲ್ಲ, ಪರರ ಮನೆಯ ಗುಟ್ಟನ್ನೂ ಅದಕ್ಕೆ ತಿನ್ನಿಸಿದೆನಲ್ಲ, ಛೀ! ಗಡಿಯಾರ ಬಿಚ್ಚಿ ಒಗೆದು, ಮಣಿಕಟ್ಟಿನ ಬಿಳಿ ಗುರುತನ್ನು ಸಾಬೂನು ಹಚ್ಚಿ ತಿಕ್ಕಿದಳು. ಹೊಲಸು ಹೋಯಿತೆನ್ನಿಸಲಿಲ್ಲ.

ಮುಂದಿನ ಇಂಜೆಕ್ಷನ್ನಿನ ದಿನ ಗುರುಸಿದ್ದವ್ವ ಹೊಸ್ತಿಲು ಬಿಟ್ಟು ಏಳಲೇ ಇಲ್ಲ. ಕೆಲವು ತಿಂಗಳ ಮೇಲೆ ತಾನೇ ಸೊಸೆಯನ್ನು ಮುಂದೆ ಮಾಡಿಕೊಂಡು ದವಾಖಾನೆಗೆ ಬಂದಳು.

"ತಾಯಿ ಕಾರ್ಡ ಮಾಡ್ರಿ ಬಾಯಾರ. ಮೂರ ತಿಂಗಳ ಬಸರಿ ಅದಾಳ."

ಹಸೀನಾ ಸಪ್ನಾಳ ಕಣ್ಣರೆಪ್ಪೆ ಕೆಳಗೆಳೆದು ನೋಡಿದಳು. ಒಳಗೆ ಸುಣ್ಣದ ಬಿಳುಪು. ಸಪ್ನಾ ಅವಳ ಬರಿ ಮಣಿಕಟ್ಟನ್ನೇ ನೋಡುತ್ತಿದ್ದಳು.

"ಈಗ ಬಿಚ್ಚೀರೇನ್ರಿ, ಬಾಯಾರ?"