ಎರಡನೇ ಬಾಣದ ಗುರುತು

ಮೊದಲ ಚೆಂಡು ಅರ್ಧ ದಾರಿಯನ್ನೂ ಮುಟ್ಟದೆ ಹಲಗೆಯ ಎಡಗಡೆಯ ಕಾಲುವೆಗೆ ಬಿದ್ದು ಗಡಗಡ ಉರುಳಿಹೋಯಿತು. ಆ ತುದಿಯಲ್ಲಿ ಬಾಟಲಿಯಾಕಾರದ ಹತ್ತು ಪಿನ್ನುಗಳೂ ತಮಗೂ ಅದಕ್ಕೂ ಸಂಬಂಧವೇ ಇಲ್ಲವೆಂಬಂತೆ ನಿಂತಿದ್ದವು.

“ನಿನ್ನ ಮಾತು ಕಟ್ಕೊಂಡು ಬಂದೆನಲ್ಲ, ನನಗೆ ಬುದ್ಧಿ ಇಲ್ಲ,” ಎಂದರು ಅತ್ತೆ.

ಸೊಸೆ ನಕ್ಕಳು. ಆ ಬೌಲಿಂಗ್ ಮನೆಯಲ್ಲಿ ಆಟಕ್ಕೆ ಬಂದವರಿಗೆ ಬೂಟು ಕೊಡುವ ಕೆಲಸ ಅವಳದು. ಒಂದು ಸಲ ಬನ್ನಿ ಎಂದು ಅತ್ತೆಯ ದುಂಬಾಲು ಬಿದ್ದು, ಇವತ್ತು ಬಾಗಿಲು ತೆರೆಯುವ ಮೊದಲೇ ಕರೆತಂದಿದ್ದಳು.

“ಪಿನ್ನು ನೋಡ್ಬೇಡಿ ಅತ್ತೆ. ಇಲ್ಲೇ ಹತ್ತಿರ, ಹಲಗೆ ಮೇಲೆ ಬಾಣದ ಗುರುತುಗಳಿವೆಯಲ್ಲ, ಬಲಗಡೆಯಿಂದ ಎರಡನೇದು. ಚೆಂಡು ಅದರ ಮೇಲೆ ಹಾದ್ರೆ ಸಾಕು.”

ಎರಡನೆಯ ಚೆಂಡೂ ಎಡಕ್ಕೇ ವಾಲಿತು.

“ಮಣಿಕಟ್ಟು ತಿರುಗಿಸ್ತಿದೀರಿ. ಇದೇನು ಇಸ್ತ್ರಿ ಪೆಟ್ಟಿಗೆಯಾ?”

ಲಾಂಡ್ರಿಯಲ್ಲಿ ಅಂಗಿಯ ಕಾಲರು ತೀಡಿ ತೀಡಿ ಪಳಗಿದ ಕೈ ಅದು. ನೇರವಾಗಿರು ಎಂದರೆ ಕೇಳುತ್ತದೆಯೇ? ಸೊಸೆ ಹಿಂದೆ ನಿಂತು ಆ ಕೈಯನ್ನು ಹಿಡಿದು ಹಿಂದಕ್ಕೂ ಮುಂದಕ್ಕೂ ತೂಗಿಸಿ ತೋರಿಸಿದಳು. ಮುಂದಿನ ಚೆಂಡು ಬಾಣದ ಅಂಚನ್ನು ಸವರಿಕೊಂಡು ಹೋಗಿ ಮೂರು ಪಿನ್ನು ಕೆಡವಿತು.

“ಬಿತ್ತು ಕಣೇ!” ಅತ್ತೆ ಕೂಗಿಬಿಟ್ಟರು. ತಮ್ಮ ದನಿಗೆ ತಾವೇ ಬೆಚ್ಚಿದರು. ಮಗ ರಸ್ತೆ ಅಪಘಾತದಲ್ಲಿ ಹೋದ ಮೇಲೆ ಹಾಗೆ ಕೂಗಿದ್ದೇ ಇಲ್ಲ. ಅಂದಿನಿಂದ ಎರಡು ಕೋಣೆಯ ಮನೆಯಲ್ಲಿ ಇವರಿಬ್ಬರೇ. ಊಟಕ್ಕೆ ಕೂತಾಗ ಅವನ ಮಾತು ಒಬ್ಬರು ಎತ್ತಿದರೆ ಇನ್ನೊಬ್ಬರು ಅದನ್ನು ಪೂರ್ತಿ ಮಾಡುತ್ತಿದ್ದರು.

ಅಷ್ಟರಲ್ಲಿ ಬಿದ್ದ ಪಿನ್ನೊಂದು ಯಂತ್ರಕ್ಕೆ ಸಿಕ್ಕಿಕೊಂಡಿತು. ಗೋಡೆಯ ಹಿಂದಿನಿಂದ ಮೆಕ್ಯಾನಿಕ್ ಬಂದು ಅದನ್ನು ಬಿಡಿಸಿದ. ಆಮೇಲೆ ಗ್ರೀಸಿನ ಕೈ ಒರೆಸಿಕೊಳ್ಳುತ್ತ ಇವರ ಬಳಿಗೇ ಬಂದು, “ನಮಸ್ಕಾರ ಅಮ್ಮ, ಚೆನ್ನಾಗಿದೀರಾ?” ಎಂದ. ಸೊಸೆ ಚೆಂಡುಗಳನ್ನು ಒರೆಸುತ್ತಿದ್ದಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು. ಅವನ ಕಡೆ ಒಮ್ಮೆಯೂ ನೋಡಲಿಲ್ಲ. ಅತ್ತೆಗೆ ಅರ್ಥವಾಗಲು ಅಷ್ಟೇ ಸಾಕಾಯಿತು.

ಅವನು ಒಳಗೆ ಹೋದ ಮೇಲೆ ಕೇಳಿದರು, “ಇದಕ್ಕೇ ಕರ್ಕೊಂಡು ಬಂದ್ಯಾ?”

“ಮನೇಲಿ ಬಾಯಿ ಬರ್ಲಿಲ್ಲ ಅತ್ತೆ. ಅಲ್ಲಿ ನಿಮ್ಮ ಮಗನ ಫೋಟೋ ಇದೆ.”

“ಒಳ್ಳೆಯವನಾ?”

“ಹ್ಞೂಂ. ಅವರಿಗೆ ಬೇರೆ ಊರಲ್ಲಿ ಕೆಲಸ ಸಿಕ್ಕಿದೆ. ಮುಂದಿನ ತಿಂಗಳು... ನೀವೂ ಬನ್ನಿ ಅತ್ತೆ. ಅವರೇ ಹೇಳಿದ್ರು.”

“ಹುಚ್ಚಿ. ನಿನ್ನ ಸಂಸಾರದ ಮಧ್ಯೆ ನಾನು ಯಾವ ಲೆಕ್ಕದಲ್ಲಿ ಕೂತ್ಕೊಳ್ಳಲಿ?” ಅತ್ತೆ ಚೆಂಡಿನ ಮೂರು ತೂತುಗಳಿಗೆ ಬೆರಳು ತೂರಿಸಿದರು, ಎತ್ತಲಿಲ್ಲ. “ಹೋಗು, ಬೇಡ ಅನ್ನಲ್ಲ. ನಿನ್ನ ವಯಸ್ಸು ನನಗೆ ಕಾಣಲ್ವಾ? ಆದ್ರೆ ನನ್ನ ಮಗ ನಿದ್ದೇಲಿ ಹಾಡು ಗುನುಗ್ತಿದ್ದ ಅಂತ ಇನ್ನು ಯಾರ ಹತ್ರ ಹೇಳಲಿ? ಹೌದು ಅತ್ತೆ ಅನ್ನೋಕೆ ಯಾರಿದಾರೆ?”

ಸೊಸೆ ಮುಖ ಮುಚ್ಚಿಕೊಂಡಳು. ಅತ್ತೆ ಸಂತೈಸಲು ಹೋಗಲಿಲ್ಲ. ಚೆಂಡೆತ್ತಿ ಗೆರೆಯ ಬಳಿ ನಿಂತು, ಮಣಿಕಟ್ಟು ನೆಟ್ಟಗಿಟ್ಟು ಬಿಟ್ಟರು. ಅದು ಎರಡನೇ ಬಾಣದ ಮೇಲೇ ಹಾದುಹೋಯಿತು. ಪಿನ್ನುಗಳು ಬಿದ್ದ ಸದ್ದು ಕೇಳಿಸಿತು. ಎಷ್ಟು ಎಂದು ಅವರು ನೋಡಲಿಲ್ಲ.

“ಸಾಕು, ನಡಿ. ಜನ ಬರೋ ಹೊತ್ತಾಯ್ತು,” ಎಂದು ಬೂಟು ಬಿಚ್ಚಲು ಬೆಂಚಿನ ಮೇಲೆ ಕೂತರು.

ಸೊಸೆ ಕಣ್ಣೊರೆಸಿಕೊಂಡು ಬಂದು, ನೆಲದ ಮೇಲೆ ಕೂತು, ಅತ್ತೆಯ ಬೂಟಿನ ಲೇಸಿಗೆ ಕೈ ಹಾಕಿದಳು. ಗಂಟು ಬಿಗಿಯಾಗಿತ್ತು, ಬಿಚ್ಚಲು ಬಹಳ ಹೊತ್ತು ಹಿಡಿಯಿತು. ಅತ್ತೆ ಅವಸರ ಮಾಡಲಿಲ್ಲ.